ಫೈರ್ ಓಪಲ್ ನೀರು ಹೀರುತ್ತದೆಯೇ? ಮೊದಲು ಅದನ್ನು ತಿಳಿಯಿರಿ, ಆರೈಕೆ ಆಮೇಲೆ

ಪ್ರಶ್ನೆ: ಕಿತ್ತಳೆ-ಕೆಂಪು ಬಣ್ಣದ, ಚಪ್ಪಟೆ ಮುಖಗಳಾಗಿ ಕೊರೆದ, ಅಂಡಾಕಾರದ ನೈಸರ್ಗಿಕ ಫೈರ್ ಓಪಲ್ ಒಂದನ್ನು ಕೊಂಡಿದ್ದೇನೆ. ಅಳತೆ 10×8 ಮಿ.ಮೀ., ತೂಕ 1.86 ಕ್ಯಾರೆಟ್. ಮಾರಿದವರು ಅದನ್ನು ನೀರು ತುಂಬಿದ ಪುಟ್ಟ ಸೀಸೆಯಲ್ಲಿಟ್ಟು ಕೊಟ್ಟರು. ‘ಒಣಗಿದರೆ ಒಡೆಯುತ್ತದೆ, ಹೊರಗೆ ತೆಗೆದಾಗಲೆಲ್ಲ ಎಣ್ಣೆ ಸವರಿ’ ಎಂದೂ ಹೇಳಿದರು. ಓಪಲ್ ಎಂದರೆ ಒಳಗೆ ಹಲವು ಬಣ್ಣ ಮಿನುಗಬೇಕಲ್ಲವೇ? ನನ್ನದರಲ್ಲಿ ಅದು ಒಂಚೂರೂ ಇಲ್ಲ. ಇದು ಅಸಲಿಯೇ? ಉಂಗುರ ಮಾಡಿಸಿ ದಿನವೂ ಹಾಕಬಹುದೇ? ನೋಡಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಸೀಸೆಯ ವಿಷಯ ಮುಗಿಸೋಣ. ಹರಳನ್ನು ನೀರಿನಿಂದ ತೆಗೆಯಿರಿ, ಎಣ್ಣೆ ಸವರಬೇಡಿ. ಆದರೆ ಆ ನೀರನ್ನು ಚೆಲ್ಲುವ ಮುನ್ನ ಸೀಸೆಯನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ನೀರಿಗೆ ಚೂರಾದರೂ ಹಳದಿಯೋ ಕಿತ್ತಳೆಯೋ ಬಣ್ಣ ಇಳಿದಿದ್ದರೆ ಹರಳಿಗೆ ಬಣ್ಣ ಕಟ್ಟಿದ್ದಾರೆ ಎಂದೇ ಅರ್ಥ. ನಿಜವಾದ ಫೈರ್ ಓಪಲ್‌ನ ಬಣ್ಣ ನೀರಿಗೆ ಬಿಡುವುದಿಲ್ಲ.

ಓಪಲ್ ಅನ್ನು ನೀರಲ್ಲಿಟ್ಟು ಮಾರುವುದರಿಂದ ಲಾಭ ಹರಳಿಗಿಂತ ಮಾರುವವರಿಗೇ ಹೆಚ್ಚು. ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗುತ್ತದೆ ಎಂಬ ಅಳತೆ) 1, ನೀರಿನದು 1.33, ಫೈರ್ ಓಪಲ್‌ನದು ಸಾಮಾನ್ಯವಾಗಿ 1.37ರಿಂದ 1.45ರ ನಡುವೆ. ಬಿರುಕಿನೊಳಗೆ ಗಾಳಿ ಇದ್ದರೆ ಬೆಳಕು ಅಲ್ಲಿ ತಾಗಿ ಹಿಂದಕ್ಕೆ ಚಿಮ್ಮುತ್ತದೆ, ಬಿರುಕು ಬೆಳ್ಳಗೆ ಕಾಣುತ್ತದೆ. ಅದೇ ಬಿರುಕಿನಲ್ಲಿ ನೀರು ತುಂಬಿಕೊಂಡರೆ ಬೆಳಕು ಹೆಚ್ಚುಕಡಿಮೆ ಏನೂ ಅಡ್ಡವಿಲ್ಲದಂತೆ ದಾಟಿಹೋಗುತ್ತದೆ, ಬಿರುಕು ಮಾಯ. ಸೂಚ್ಯಂಕ 1.40 ದಾಟಿದ ಹರಳಿನಲ್ಲಿ ಎಣ್ಣೆ ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ, ಹೆಚ್ಚಿನ ಎಣ್ಣೆಗಳ ಸೂಚ್ಯಂಕ 1.47ರ ಆಸುಪಾಸಿನಲ್ಲಿರುತ್ತದೆ. ನಿಮಗೆ ಮಾರಿದವರು ಬೇಕೆಂದೇ ಹೀಗೆ ಮಾಡಿದರು ಎನ್ನುತ್ತಿಲ್ಲ, ಕೇಳಿದ್ದನ್ನೇ ನಂಬಿ ಹೇಳುವವರೂ ಈ ವ್ಯಾಪಾರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ನೀರಿನೊಳಗಿರುವ ಓಪಲ್ ನೋಡಿ ಅದು ಗಟ್ಟಿಯೋ ಬಿರಿದಿದೆಯೋ ಹೇಳಲು ಯಾರಿಂದಲೂ ಆಗದು.

ಸೀಸೆಯಿಂದ ತೆಗೆದ ಹರಳನ್ನು ಒಣಗಿಸಲು ಅವಸರ ಬೇಡ. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒತ್ತಿ ಮೇಲಿನ ನೀರು ತೆಗೆಯಿರಿ. ಮೊದಲ ಎರಡು-ಮೂರು ದಿನ ಮುಚ್ಚಳ ಸಡಿಲವಾಗಿ ಮುಚ್ಚಿದ ಡಬ್ಬಿಯಲ್ಲಿ, ಬಟ್ಟೆಯ ಮೇಲೆ, ನೆರಳಿನಲ್ಲಿಡಿ. ಆಮೇಲೆ ಮುಚ್ಚಳ ತೆಗೆದು ಕೋಣೆಯ ಗಾಳಿಗೆ ಬಿಡಿ. ಫ್ಯಾನಿನ ಕೆಳಗೆ, ಬಿಸಿಲಿಗೆ, ಎ.ಸಿ. ಗಾಳಿ ನೇರವಾಗಿ ಬೀಸುವಲ್ಲಿ ಇಡಬೇಡಿ. ಹೇರ್ ಡ್ರೈಯರ್ ಹತ್ತಿರವೂ ತರಬೇಡಿ.

ಈ ಒಣಗುವ ವಾರವೇ ನಿಮ್ಮ ಅತಿ ಮುಖ್ಯ ಪರೀಕ್ಷೆಯೂ ಹೌದು. ಓಪಲ್‌ನಲ್ಲಿ ಎರಡು ಬಗೆ ಇವೆ. ಒಂದು, ಒಳಗಿನ ರಂಧ್ರಗಳು ಮುಚ್ಚಿಕೊಂಡಂತಿದ್ದು ಹೊರಗಿನ ನೀರನ್ನು ಒಳಗೆ ಬಿಡದ ಗಟ್ಟಿ ಓಪಲ್. ಇನ್ನೊಂದು, ಸೂಕ್ಷ್ಮ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿದ್ದು ನೀರನ್ನು ಹೀರುವ, ಒಣಗಿದಾಗ ಬಿಟ್ಟುಕೊಡುವ ಹೈಡ್ರೋಫೇನ್ ಓಪಲ್. ನಿಮ್ಮದು ಯಾವುದು ಎಂದು ಗೊತ್ತಾಗದೆ ಆರೈಕೆಯ ಬಗ್ಗೆ ಏನು ಹೇಳಿದರೂ ಅರ್ಧ ಸುಳ್ಳಾಗುತ್ತದೆ. ಅಂತರ್ಜಾಲದ ಸಲಹೆಗಳು ಒಂದನ್ನೊಂದು ಹೊಡೆಯುವುದೂ ಇದೇ ಕಾರಣಕ್ಕೆ: ಒಬ್ಬರು ಮೊದಲ ಬಗೆಯ ಬಗ್ಗೆ ಬರೆದಿರುತ್ತಾರೆ, ಇನ್ನೊಬ್ಬರು ಎರಡನೆಯದರ ಬಗ್ಗೆ.

ಪರೀಕ್ಷೆ ಹೀಗೆ. 0.001 ಗ್ರಾಂ ತೋರಿಸುವ ಕ್ಯಾರೆಟ್ ತಕ್ಕಡಿ ಬೇಕು, ಹರಳಿನ ವ್ಯಾಪಾರಿಗಳಲ್ಲಿ ಇದ್ದೇ ಇರುತ್ತದೆ. ನೀರಿನಿಂದ ತೆಗೆದು ಒರೆಸಿದ ತಕ್ಷಣ ಒಮ್ಮೆ ತೂಗಿ, ಮರುದಿನ ಒಮ್ಮೆ, ಮೂರನೆಯ ದಿನ ಒಮ್ಮೆ, ವಾರದ ಕೊನೆಗೆ ಒಮ್ಮೆ. 1.86 ಕ್ಯಾರೆಟ್ ಎಂದರೆ 0.372 ಗ್ರಾಂ. ನೀರಿನಿಂದ ತೆಗೆದಾಗಿನ ಮೊದಲ ತೂಕ ಇದೇ ಆಗಿದ್ದರೆ ಲೆಕ್ಕ ಹೀಗೆ. ವಾರದ ನಂತರವೂ 0.371ರ ಆಚೀಚೆಯೇ ನಿಂತಿದ್ದರೆ ಹರಳು ಗಟ್ಟಿ ಬಗೆಯದು. 0.353ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ, ಅಂದರೆ ನೂರಕ್ಕೆ ಐದರಷ್ಟೋ ಹೆಚ್ಚೋ ತೂಕ ಹೋದರೆ, ಅದು ಹೈಡ್ರೋಫೇನ್. (ನೆನೆದ ಹರಳನ್ನು ತೂಗಿ ಮಾರಿದ್ದರೆ ಆ ನೀರಿಗೂ ನೀವು ಕ್ಯಾರೆಟ್ ಲೆಕ್ಕದಲ್ಲಿ ದುಡ್ಡು ಕೊಟ್ಟಂತಾಯಿತು.) ತೂಕದ ಜೊತೆಗೆ ಕಣ್ಣಿಗೂ ವ್ಯತ್ಯಾಸ ಕಾಣಬಹುದು. ನೆನೆದಾಗ ತಿಳಿಯಾಗಿದ್ದ ಹರಳು ಒಣಗುತ್ತಾ ಮಂಜು ಕವಿದಂತಾಗುವುದು ಹೈಡ್ರೋಫೇನ್‌ನ ಲಕ್ಷಣ.

ಒಣಗಿರುವ ಹರಳನ್ನು ಕೊಳ್ಳುವಾಗ ಇಷ್ಟು ದಿನ ಕಾಯಲಾಗದು. ಆಗ ಹರಳಿನ ಹಿಂಬದಿಗೆ ಸೂಜಿಯ ತುದಿಯಿಂದ ಒಂದು ಹನಿ ನೀರಿಟ್ಟು, ಹರಳು ನೋಡುವ ಪುಟ್ಟ ಭೂತಗನ್ನಡಿಯಾದ ಲೂಪ್‌ನಲ್ಲಿ ನೋಡಿ. ಗಟ್ಟಿ ಓಪಲ್‌ನ ಮೇಲೆ ಹನಿ ಗುಂಡಗೆ ಕೂತಿರುತ್ತದೆ. ಹೈಡ್ರೋಫೇನ್ ಆದರೆ ಕೆಲವು ನಿಮಿಷಗಳಲ್ಲಿ ಹನಿ ಕುಗ್ಗುತ್ತದೆ, ಕೆಳಗೆ ಒದ್ದೆಯ ಕಲೆಯಂತೆ ಪಾರದರ್ಶಕ ಮಚ್ಚೆ ಕಾಣಿಸಿಕೊಳ್ಳುತ್ತದೆ. ಒದ್ದೆ ಬೆರಳಿಗೆ ಹರಳು ಅಂಟಿಕೊಂಡಂತೆ ಎಳೆಯುವುದೂ ಅದೇ ಸೂಚನೆ.

ಇನ್ನು ಬಣ್ಣಗಳು ಮಿನುಗದ ವಿಷಯ. ಇದರಿಂದ ನಿಮ್ಮ ಹರಳು ನಕಲಿಯಾಗುವುದಿಲ್ಲ. ಓಪಲ್‌ನಲ್ಲಿ ಬಣ್ಣ ಎರಡು ದಾರಿಯಿಂದ ಬರುತ್ತದೆ. ತಿರುಗಿಸಿದಂತೆಲ್ಲ ಹಸಿರು, ನೀಲಿ, ಕೆಂಪು ಕಿಡಿಗಳು ಜಾಗ ಬದಲಿಸುವ ಆಟಕ್ಕೆ ಸಿಲಿಕಾದ ಅತಿ ಸಣ್ಣ ಗೋಲಗಳು ಸಾಲುಸಾಲಾಗಿ ಜೋಡಿಕೊಂಡಿರಬೇಕು. ಸುಮಾರು 150ರಿಂದ 300 ನ್ಯಾನೋಮೀಟರ್ ಅಡ್ಡಳತೆಯ ಆ ಗೋಲಗಳ ಸಾಲು ಬೆಳಕನ್ನು ಒಡೆದು ಹಂಚುತ್ತದೆ ಎಂಬುದು 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಗೊತ್ತಾಯಿತು. ಫೈರ್ ಓಪಲ್ ಎಂಬ ಹೆಸರು ಬಂದಿರುವುದು ಈ ಆಟದಿಂದಲ್ಲ, ಹರಳಿನ ಮೈಬಣ್ಣದಿಂದ. ಹಳದಿ, ಕಿತ್ತಳೆ, ಕೆಂಪು ಮೈಬಣ್ಣಕ್ಕೆ ಕಾರಣ ಒಳಗೆ ಚದುರಿರುವ ಕಬ್ಬಿಣದ ಆಕ್ಸೈಡ್‌ನ ಅತಿಸೂಕ್ಷ್ಮ ಕಣಗಳು. ಫೈರ್ ಓಪಲ್‌ಗಳಲ್ಲಿ ಹೆಚ್ಚಿನವಕ್ಕೆ ಗೋಲಗಳ ಅಚ್ಚುಕಟ್ಟು ಸಾಲು ಇರುವುದೇ ಇಲ್ಲ, ಹಾಗಾಗಿ ಆಟವೂ ಇಲ್ಲ. ಎರಡೂ ಇರುವ ಕಲ್ಲು ಸಿಗುತ್ತದೆ, ಅದು ಅಪರೂಪ ಮತ್ತು ದುಬಾರಿ. ಗೊಂದಲಕ್ಕೆ ಮೂಲ ಏನೆಂದರೆ, ವ್ಯಾಪಾರದಲ್ಲಿ ಕೆಲವರು ಬಣ್ಣದ ಆಟವನ್ನೇ ‘ಫೈರ್’ ಎನ್ನುತ್ತಾರೆ, ಆಟವಿರುವ ಬಿಳಿ ಓಪಲ್‌ಗೂ ಫೈರ್ ಓಪಲ್ ಎಂದೇ ಚೀಟಿ ಅಂಟಿಸುತ್ತಾರೆ.

ಮೈಬಣ್ಣವೇ ಬಂಡವಾಳವಾದ್ದರಿಂದ ಗುಣವನ್ನು ಅಳೆಯುವುದೂ ಅದರಿಂದಲೇ. ಚೆರ್ರಿ ಕೆಂಪು ಮತ್ತು ದಟ್ಟ ಕಿತ್ತಳೆ-ಕೆಂಪಿಗೆ ಮೊದಲ ಸ್ಥಾನ, ಆಮೇಲೆ ಶುದ್ಧ ಕಿತ್ತಳೆ, ಕೊನೆಗೆ ಹಳದಿ. ಬಣ್ಣ ಅಂಚಿನಿಂದ ಅಂಚಿಗೆ ಒಂದೇ ಸಮ ಇರಬೇಕು, ಕಂದು ಛಾಯೆ ಇರಬಾರದು. ಬಿಳಿ ಕಾಗದದ ಮೇಲಿಟ್ಟು, ಕಿಟಕಿಯಿಂದ ಬರುವ ಹಗಲು ಬೆಳಕಿನಲ್ಲಿ ನೋಡಿ. ಹಳದಿ ದೀಪದ ಕೆಳಗೆ ಎಂಥ ಸಾಧಾರಣ ಹಳದಿ ಕಲ್ಲೂ ಕಿತ್ತಳೆಯಾಗಿ ಕಾಣುತ್ತದೆ. ಹಿಂಬದಿ ಮುಚ್ಚಿ ಕಟ್ಟಿದ ಆಭರಣದಲ್ಲಿ ಹರಳಿನ ನಿಜವಾದ ಬಣ್ಣ ತಿಳಿಯುವುದಿಲ್ಲ, ಕೆಳಗೆ ಬಣ್ಣದ ತಗಡು ಇದ್ದರೂ ಇರಬಹುದು.

ಮುಖ ಕೊರೆದ ಹರಳಾದರೆ ಇನ್ನೊಂದನ್ನು ನೋಡಬೇಕು. ಮೇಲಿನಿಂದ ನೇರವಾಗಿ ನೋಡಿದಾಗ ನಡುವೆ ಕಿಟಕಿ ತೆರೆದಂತೆ ಕೆಳಗಿನ ಕಾಗದದ ಅಕ್ಷರಗಳು ಕಾಣುತ್ತಿವೆಯೇ? ಹಾಗಿದ್ದರೆ ಅದು ಸಾಣೆ ಹಿಡಿದವರ ತಪ್ಪು, ಕಲ್ಲಿನದಲ್ಲ. ಸೂಚ್ಯಂಕ 1.43 ಇರುವ ಓಪಲ್‌ನಲ್ಲಿ ಬೆಳಕು ಪೂರ್ತಿ ಹಿಂದಿರುಗಬೇಕಾದರೆ ಅದು ಸುಮಾರು 44.4 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ಮುಖಕ್ಕೆ ಬಡಿಯಬೇಕು. ಸ್ಫಟಿಕಕ್ಕೆ 40.5 ಡಿಗ್ರಿ ಸಾಕು. ಸ್ಫಟಿಕ ಕೊರೆದು ರೂಢಿಯಾದ ಕೈ ಅದೇ ಕೋನವನ್ನು ಓಪಲ್‌ಗೂ ಹಾಕಿದರೆ ಬೆಳಕು ಕೆಳಗಿನಿಂದ ಸೋರಿಹೋಗುತ್ತದೆ. ಏನೇ ಮಾಡಿದರೂ ಫೈರ್ ಓಪಲ್ ವಜ್ರದಂತೆ ಕಣ್ಣು ಕೋರೈಸುವುದಿಲ್ಲ. ಒಳಗಿನಿಂದ ಹೊಮ್ಮುವ ತುಂಬು ಬಣ್ಣವೇ ಅದರ ಸೊಗಸು.

ಅಸಲಿಯೇ ಎಂಬುದಕ್ಕೆ ಬರೋಣ. ನಿಮ್ಮ ಅಳತೆ ಮತ್ತು ತೂಕ ಒಂದಕ್ಕೊಂದು ಹೊಂದುತ್ತವೆ, ಇದು ಒಳ್ಳೆಯ ಸುದ್ದಿ. ಫೈರ್ ಓಪಲ್‌ನ ಸಾಪೇಕ್ಷ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ) 2.0ರ ಆಸುಪಾಸು. ಇದರಂತೆ ಕಾಣುವ ಬೇರೆ ಹರಳುಗಳಲ್ಲಿ ಸಿಟ್ರಿನ್‌ನದು 2.65, ಕಾರ್ನೇಲಿಯನ್‌ನದು 2.6, ಗೋಮೇಧಿಕದ್ದು 3.6, ಸಾಮಾನ್ಯ ಗಾಜಿನದು 2.4ರಿಂದ ಮೇಲಕ್ಕೆ. ಅದೇ 10×8 ಅಳತೆಯ ಸಿಟ್ರಿನ್ ಎರಡೂವರೆ ಕ್ಯಾರೆಟ್ ಹತ್ತಿರ ತೂಗುತ್ತಿತ್ತು. ಹಾಗಾಗಿಯೇ ಫೈರ್ ಓಪಲ್ ಅನ್ನು ಬೇರೆ ಹರಳಿನೊಂದಿಗೆ ಹೋಲಿಸುವಾಗ ಕ್ಯಾರೆಟ್ ನೋಡದೆ ಮಿಲಿಮೀಟರ್ ನೋಡಬೇಕು.

ಹರಳು ನೀರು ಹೀರುವುದಿಲ್ಲ ಎಂದು ಖಚಿತವಾದ ಮೇಲೆ ಸಾಂದ್ರತೆಯನ್ನು ನೀವೇ ಅಳೆಯಬಹುದು. ತಕ್ಕಡಿಯ ಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ (ಹರಳಿಗೆ ಗಾಳಿಗುಳ್ಳೆ ಅಂಟಬಾರದೆಂದು), ತಕ್ಕಡಿಯನ್ನು ಸೊನ್ನೆಗೆ ತನ್ನಿ. ಹರಳನ್ನು ತೆಳ್ಳನೆಯ ದಾರದಲ್ಲಿ ಕಟ್ಟಿ, ಲೋಟದ ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ದಾರವನ್ನು ಕೈಯಲ್ಲಿ ಹಿಡಿಯುವ ಬದಲು ಪಕ್ಕದ ಕಂಬಿಗೆ ಕಟ್ಟಿದರೆ ಅಂಕಿ ಅಲುಗಾಡುವುದಿಲ್ಲ. ಈಗ ತಕ್ಕಡಿ ತೋರಿಸುವುದು ಹರಳು ಸರಿಸಿದ ನೀರಿನ ತೂಕ. ಒಣ ತೂಕ 0.372 ಅನ್ನು ಈ ಅಂಕಿಯಿಂದ ಭಾಗಿಸಿ. 0.186 ಬಂದರೆ ಸಾಂದ್ರತೆ 2.0, ಓಪಲ್‌ಗೆ ಸರಿ. 0.149 ಬಂದರೆ 2.5, ಗಾಜು ಎಂದು ಅನುಮಾನಿಸಿ. 0.3ರ ಹತ್ತಿರ ಬಂದರೆ ಪ್ಲಾಸ್ಟಿಕ್. 0.01 ಗ್ರಾಂ ತೋರಿಸುವ ಸಾದಾ ತಕ್ಕಡಿಯಲ್ಲಿ ಇಷ್ಟು ಸಣ್ಣ ಹರಳಿಗೆ ಈ ಲೆಕ್ಕ ನಂಬಲರ್ಹವಲ್ಲ, ಒಂದು ಅಂಕಿ ಅತ್ತಿತ್ತ ಆದರೂ ಉತ್ತರ ಬದಲಾಗುತ್ತದೆ.

ಹತ್ತು ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ಗಾಜು ಸಾಮಾನ್ಯವಾಗಿ ತನ್ನನ್ನು ತಾನೇ ಬಿಟ್ಟುಕೊಡುತ್ತದೆ: ದುಂಡನೆಯ ಗಾಳಿಗುಳ್ಳೆಗಳು, ಸುಳಿಸುಳಿಯಾಗಿ ಹರಿದ ಗೆರೆಗಳು, ಅಚ್ಚಿನಲ್ಲಿ ಎರೆದದ್ದಾದರೆ ಮೊಂಡಾದ ಅಂಚುಗಳು. ನೈಸರ್ಗಿಕ ಫೈರ್ ಓಪಲ್‌ನಲ್ಲಿ ಹಾಲಿನಂಥ ಮಸುಕು ಮೋಡ, ಬೂದು ಬಣ್ಣದ ತಾಯಿಕಲ್ಲಿನ (ಓಪಲ್ ಹುಟ್ಟಿದ ಶಿಲೆಯ) ಚೂರು, ಕೆಲವೊಮ್ಮೆ ಕಪ್ಪು ಸೂಜಿಯಂಥ ಖನಿಜಗಳು ಕಾಣಬಹುದು. ಕಾರ್ಖಾನೆಯಲ್ಲಿ ಬೆಳೆಸಿದ ಫೈರ್ ಓಪಲ್ ಕೂಡ ಮಾರುಕಟ್ಟೆಯಲ್ಲಿದೆ, ಅದನ್ನು ಬೇರ್ಪಡಿಸಲು ರತ್ನಪರೀಕ್ಷಾ ಪ್ರಯೋಗಾಲಯವೇ ಬೇಕು. ಕಾಸಿದ ಸೂಜಿ ಚುಚ್ಚುವುದು, ಗೀರಿ ನೋಡುವುದು, ಅಸಿಟೋನ್ ಉಜ್ಜುವುದು ಇವನ್ನೆಲ್ಲ ನೀವು ಮಾಡಬೇಡಿ. ನಕಲಿ ಎಂದು ಗೊತ್ತಾಗುವ ಮೊದಲೇ ಅಸಲಿ ಹಾಳಾಗಿರುತ್ತದೆ.

ಪ್ರಯೋಗಾಲಯಕ್ಕೆ ಕೊಟ್ಟರೆ ‘ನೈಸರ್ಗಿಕ ಓಪಲ್’ ಎಂಬ ಒಂದೇ ಸಾಲಿಗೆ ತೃಪ್ತರಾಗದೆ ಮೂರು ಪ್ರಶ್ನೆ ಕೇಳಿ: ಬಣ್ಣ ಸಹಜವೇ, ಬಿರುಕಿಗೆ ಎಣ್ಣೆ ಅಥವಾ ರಾಳ ತುಂಬಿದೆಯೇ, ಹೈಡ್ರೋಫೇನ್ ಹೌದೇ ಅಲ್ಲವೇ. ಈ ಮೂರನೆಯ ಪ್ರಶ್ನೆ ಮುಖ್ಯವಾದದ್ದು ಇತ್ತೀಚೆಗೆ. ಫೈರ್ ಓಪಲ್‌ನ ಹಳೆಯ, ಹೆಸರುವಾಸಿ ಮೂಲ ಮೆಕ್ಸಿಕೊ. ಅಲ್ಲಿನ ಕೆರೆಟಾರೊ ಮತ್ತು ಹಾಲಿಸ್ಕೊ ರಾಜ್ಯಗಳಲ್ಲಿ ರಯೋಲೈಟ್ ಎಂಬ ಜ್ವಾಲಾಮುಖಿ ಶಿಲೆಯ ಪೊಳ್ಳುಗಳಲ್ಲಿ ಸಿಲಿಕಾ ಬೆರೆತ ನೀರು ಇಂಗಿ, ಗಟ್ಟಿಯಾಗಿ ಈ ಕಲ್ಲು ಹುಟ್ಟಿದೆ. 2008ರಲ್ಲಿ ಇಥಿಯೋಪಿಯಾದ ವೊಲ್ಲೊ ಪ್ರಾಂತ್ಯದಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿ, ಅಲ್ಲಿನ ಓಪಲ್ ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂತು. ಅದರಲ್ಲಿ ಬಹುಪಾಲು ಹೈಡ್ರೋಫೇನ್. ನೀರು ಹೀರುವ ಕಲ್ಲು ಬಣ್ಣವನ್ನೂ ಹೀರುತ್ತದೆ. ಬಿಳಿ ಅಥವಾ ತಿಳಿಹಳದಿ ಕಲ್ಲಿಗೆ ಕಿತ್ತಳೆ ಬಣ್ಣ ಕುಡಿಸಿ ಮೆಕ್ಸಿಕೊದ ಫೈರ್ ಓಪಲ್ ಎಂದು ಮಾರುವುದು ಹೀಗೆ ಶುರುವಾಯಿತು. ಲೂಪ್‌ನಲ್ಲಿ ಬಿರುಕುಗಳ ಉದ್ದಕ್ಕೂ, ಚಿಕ್ಕ ಹಳ್ಳಗಳಲ್ಲಿ ಬಣ್ಣ ದಟ್ಟವಾಗಿ ನಿಂತಿದ್ದರೆ ಅದು ಕುಡಿಸಿದ ಬಣ್ಣ. ಹಾಗೆಂದು ಹೈಡ್ರೋಫೇನ್ ಎಲ್ಲವೂ ಬಣ್ಣ ಹಾಕಿದ್ದೇ ಎಂದು ತೀರ್ಮಾನಿಸಬೇಡಿ. ಸಹಜ ಕಿತ್ತಳೆ ಬಣ್ಣದ ಹೈಡ್ರೋಫೇನ್ ಇದೆ, ಮೆಕ್ಸಿಕೊದಲ್ಲೂ ಕೆಲವು ಕಡೆ ನೀರು ಹೀರುವ ಕಲ್ಲು ಸಿಗುತ್ತದೆ.

ಈಗ ನಿಜವಾದ ಆತಂಕಕ್ಕೆ, ಅಂದರೆ ಬಿರುಕಿಗೆ. ಓಪಲ್ ಎಂದರೆ ನೀರು ಹಿಡಿದಿಟ್ಟುಕೊಂಡ ಸಿಲಿಕಾ. ಸಾಮಾನ್ಯವಾಗಿ ತೂಕದ ಶೇ. 3ರಿಂದ 10ರಷ್ಟು ನೀರಿರುತ್ತದೆ. ಹೊರಪದರದ ನೀರು ಬೇಗ ಆರಿ ಅದು ಕುಗ್ಗಿದರೆ, ಒಳಭಾಗ ಇನ್ನೂ ಮೊದಲಿನಷ್ಟೇ ಇದ್ದರೆ, ಎಳೆತ ತಾಳಲಾರದೆ ಮೇಲ್ಮೈ ಒಣಗಿದ ಕೆರೆಯ ಅಂಗಳದಂತೆ ಬಿರಿಯುತ್ತದೆ. ಇದಕ್ಕೆ ಕ್ರೇಜಿಂಗ್ ಎನ್ನುತ್ತಾರೆ. ಕೆಲವು ಕಲ್ಲುಗಳು ಗಣಿಯಿಂದ ತೆಗೆದ ವಾರದಲ್ಲೇ ಬಿರಿಯುತ್ತವೆ, ಕೆಲವು ಸಾಣೆ ಹಿಡಿದ ಮೇಲೆ, ಕೆಲವು ವರ್ಷಗಳ ನಂತರ, ಬಹಳಷ್ಟು ಎಂದೂ ಬಿರಿಯುವುದಿಲ್ಲ. ಮೊದಲೇ ಹೇಳಲು ಖಚಿತವಾದ ಉಪಾಯವಿಲ್ಲ. ಎಚ್ಚರದ ವ್ಯಾಪಾರಿಗಳು ಒರಟು ಕಲ್ಲನ್ನು ತಿಂಗಳುಗಟ್ಟಲೆ ತೆರೆದ ಗಾಳಿಯಲ್ಲಿಟ್ಟು, ಬಿರಿಯುವುದೆಲ್ಲ ಬಿರಿದ ಮೇಲೆ ಉಳಿದದ್ದನ್ನು ಮಾತ್ರ ಕೊರೆಯುತ್ತಾರೆ. ‘ಕಲ್ಲನ್ನು ಎಷ್ಟು ಕಾಲ ಒಣಗಲು ಬಿಟ್ಟಿದ್ದಿರಿ’ ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಮಾರುವವರ ಬಗ್ಗೆ ಬಹಳಷ್ಟು ತಿಳಿಯುತ್ತದೆ.

ನೀವೂ ನಿಮ್ಮ ಹರಳನ್ನು ಉಂಗುರಕ್ಕೆ ಕೊಡುವ ಮುನ್ನ ಕನಿಷ್ಠ ಮೂರು-ನಾಲ್ಕು ವಾರ ಕೋಣೆಯ ಗಾಳಿಯಲ್ಲಿಡಿ. ವಾರಕ್ಕೊಮ್ಮೆ ಕತ್ತಲ ಕೋಣೆಯಲ್ಲಿ, ಸಣ್ಣ ಟಾರ್ಚಿನ ಬೆಳಕನ್ನು ಮೇಲಿನಿಂದಲ್ಲ, ಪಕ್ಕದಿಂದ, ಹರಳಿನ ಅಂಚಿನ ಮೂಲಕ ಹಾಯಿಸಿ ನಿಧಾನವಾಗಿ ತಿರುಗಿಸುತ್ತಾ ನೋಡಿ. ಗೀರು ಆದರೆ ಮೇಲ್ಮೈಯಲ್ಲೇ ಇರುತ್ತದೆ, ಟಾರ್ಚ್ ಸರಿದಾಗ ಮರೆಯಾಗುತ್ತದೆ. ಬಿರುಕು ಒಳಕ್ಕೆ ಇಳಿದಿರುತ್ತದೆ, ಒಂದು ಕೋನದಲ್ಲಿ ಥಟ್ಟನೆ ಕನ್ನಡಿ ಚೂರಿನಂತೆ ಹೊಳೆಯುತ್ತದೆ. ಅಂಚಿನ ಸುತ್ತ ವಿಶೇಷವಾಗಿ ನೋಡಿ, ಹರಳು ತೆಳ್ಳಗಿರುವ ಕಡೆಯೇ ಮೊದಲು ಒಣಗುವುದು. ಪ್ರತಿ ಸಲ ಒಂದೇ ಕೋನದಿಂದ ಫೋಟೋ ತೆಗೆದಿಟ್ಟರೆ ‘ಇದು ಮೊದಲೇ ಇತ್ತೇ’ ಎಂಬ ಗೊಂದಲ ಉಳಿಯುವುದಿಲ್ಲ, ಹಿಂದಿರುಗಿಸಬೇಕಾದರೂ ದಾಖಲೆಯಾಗುತ್ತದೆ.

ಬಿರುಕು ಬಂದರೆ ಅದನ್ನು ವಾಸಿ ಮಾಡುವ ಮದ್ದಿಲ್ಲ. ಮತ್ತೆ ನೆನೆಸಿದರೆ ಮುಚ್ಚಿದಂತೆ ಕಾಣುತ್ತದೆ, ಒಣಗಿದಾಗ ಅದೇ ಜಾಗದಲ್ಲಿ, ಬಹುಶಃ ಇನ್ನಷ್ಟು ಆಳಕ್ಕೆ, ಮರಳಿ ಬರುತ್ತದೆ. ಮರುಕೊರೆತವೂ ಸುಲಭದ ಮಾತಲ್ಲ. 10×8×6 ಮಿ.ಮೀ. ಹರಳಿನ ಸುತ್ತಲೂ ಅರ್ಧ ಮಿಲಿಮೀಟರ್ ತೆಗೆದರೆ ಅದು 9×7×5 ಆಗುತ್ತದೆ, ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯಿತು. ಕೆಳಗೆ ಹೊಸದಾಗಿ ತೆರೆದ ಮೇಲ್ಮೈ ಬಿರಿಯದು ಎಂಬ ಖಾತ್ರಿಯೂ ಇಲ್ಲ. ಒಂದೆರಡು ಚಿಕ್ಕ ಬಿರುಕು ಬಂದು ಅಲ್ಲಿಗೇ ನಿಂತಿದ್ದರೆ ಹರಳನ್ನು ಪೆಂಡೆಂಟ್‌ಗೆ ಬಳಸಿ, ಉಂಗುರಕ್ಕೆ ಬೇಡ.

ಹಾಗಾದರೆ ಒಣಹವೆಯಿಂದ ಹೇಗೆ ಕಾಪಾಡುವುದು? ಗಟ್ಟಿ ಬಗೆಯದಕ್ಕೆ ಮನೆಯ ಸಾಧಾರಣ ಗಾಳಿಯೇ ಸಾಕು. ಎಣ್ಣೆ ಅದರೊಳಗೆ ಇಳಿಯುವುದೇ ಇಲ್ಲ, ಮೇಲೆ ಜಿಡ್ಡಾಗಿ ಕೂತು ದೂಳು ಹಿಡಿಯುತ್ತದೆ ಅಷ್ಟೇ. ಹೈಡ್ರೋಫೇನ್ ಆದರೆ ಎಣ್ಣೆ ಒಳಗಿಳಿಯುತ್ತದೆ, ನೀರಿನಂತೆ ಆರಿಹೋಗುವುದಿಲ್ಲ, ಕಾಲಕ್ರಮದಲ್ಲಿ ಹಳದಿಗಟ್ಟುತ್ತದೆ. ಎರಡರಲ್ಲಿ ಯಾವುದಕ್ಕೂ ಎಣ್ಣೆಯಿಂದ ಉಪಕಾರವಿಲ್ಲ. ಆದರೆ ತೇವ ತೆಗೆಯುವ ಯಂತ್ರ ಓಡುತ್ತಿರುವ ಲಾಕರ್ ಕೋಣೆ, ದಿನವಿಡೀ ಹೀಟರ್ ಉರಿಯುವ ಮನೆ ಇಂಥ ಕಡೆ ತಿಂಗಳುಗಟ್ಟಲೆ ಇಡುವುದಾದರೆ ಹರಳನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರ ಜೊತೆ ಹಿಂಡಿದ ಒದ್ದೆ ಹತ್ತಿಯ ಸಣ್ಣ ಉಂಡೆ ಇಡಿ. ಹತ್ತಿ ಹರಳಿಗೆ ತಾಗಬಾರದು. ತಿಂಗಳಿಗೊಮ್ಮೆ ಬದಲಿಸದಿದ್ದರೆ ಬೂಸ್ಟು ಹಿಡಿಯುತ್ತದೆ.

ಇಲ್ಲಿ ಬಹಳ ಜನ ಗಮನಿಸದ ಒಂದು ಶತ್ರು ಇದೆ. ಹೊಸ ಆಭರಣದ ಡಬ್ಬಿಗಳಲ್ಲಿ ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣ ಇರುತ್ತದೆ, ಬೆಳ್ಳಿ ಕಪ್ಪಾಗದಿರಲೆಂದು. ಅದರ ಕೆಲಸವೇ ಸುತ್ತಲ ತೇವ ಹೀರುವುದು. ಮುಚ್ಚಿದ ಡಬ್ಬಿಯಲ್ಲಿ ಓಪಲ್‌ನ ಪಕ್ಕ ಅದನ್ನು ವರ್ಷಗಟ್ಟಲೆ ಬಿಡಬಾರದು. ತೆಗೆದು ಎಸೆಯಿರಿ.

ಬಿಸಿಯ ವಿಷಯದಲ್ಲಿ ಎರಡು ಬಗೆಗೂ ಒಂದೇ ಮಾತು. ಬೆಳಕಿಗೆ ಫೈರ್ ಓಪಲ್‌ನ ಸಹಜ ಬಣ್ಣ ಮಾಸುವುದಿಲ್ಲ, ತೊಂದರೆ ಇರುವುದು ಬೆಳಕಿನ ಜೊತೆ ಬರುವ ಶಾಖದಿಂದ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್, ಅಂಗಡಿಯ ಪ್ರದರ್ಶನದ ಪೆಟ್ಟಿಗೆಯ ಬಿಸಿ ದೀಪ, ಒಲೆಯ ಮೇಲಿನ ಹಬೆ ಇವೆಲ್ಲ ಹರಳನ್ನು ಒಣಗಿಸುತ್ತವೆ. ಅದಕ್ಕಿಂತ ಕೆಟ್ಟದ್ದು ಥಟ್ಟನೆ ಬದಲಾಗುವ ಉಷ್ಣತೆ. ಓಪಲ್ ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ, ಹೊರಮೈ ಹಿಗ್ಗಿದಾಗ ಒಳಗು ಹಿಂದುಳಿಯುತ್ತದೆ. ಚಳಿಯಲ್ಲಿ ಅಡ್ಡಾಡಿ ಬಂದು ಉಂಗುರದ ಕೈಯನ್ನು ಬಿಸಿನೀರಿನ ನಲ್ಲಿಗೆ ಒಡ್ಡಿದರೆ ಅಷ್ಟೇ ಸಾಕು.

ಉಂಗುರ ಮಾಡಿಸಬಹುದೇ ಎಂದರೆ, ಗಟ್ಟಿ ಬಗೆಯದಾಗಿದ್ದು ನಾಲ್ಕು ವಾರದಲ್ಲಿ ಬಿರಿಯದಿದ್ದರೆ ಮಾಡಿಸಿ. ಆದರೆ ದಿನವೂ ಹಾಕುವ ಉಂಗುರವಾಗಿ ಬೇಡ. ಮೋಹ್ಸ್ ಮಾಪಕದಲ್ಲಿ ಅದರ ಗಡಸುತನ 5.5ರಿಂದ 6.5, ಮನೆಯ ದೂಳಿನಲ್ಲೇ ಇರುವ ಮರಳಿನ ಕಣದ್ದು 7. ದಿನನಿತ್ಯ ಹಾಕಿದ ಉಂಗುರದಲ್ಲಿ ಮುಖಗಳ ಅಂಚುಗಳು ಒಂದೆರಡು ವರ್ಷದಲ್ಲೇ ಸವೆದು ಹೊಳಪು ಮಬ್ಬಾಗುತ್ತದೆ. ಹೈಡ್ರೋಫೇನ್ ಆಗಿದ್ದರೆ ಉಂಗುರದ ಆಸೆಯನ್ನೇ ಬಿಡಿ. ದಿನಕ್ಕೆ ಹತ್ತು ಸಲ ಸೋಪು, ಕ್ರೀಮು, ಸ್ಯಾನಿಟೈಸರ್ ತಾಗುವ ಕೈಗೆ ಅದು ತಕ್ಕದ್ದಲ್ಲ. ಕಿವಿಯೋಲೆ, ಪೆಂಡೆಂಟ್‌ಗೆ ಎರಡೂ ಬಗೆ ನಡೆಯುತ್ತವೆ.

ಅಕ್ಕಸಾಲಿಗರಿಗೆ ಹೇಳಬೇಕಾದ್ದು ಇಷ್ಟು. ಹರಳಿನ ಸುತ್ತ ಲೋಹದ ಪಟ್ಟಿ ಬಗ್ಗಿಸಿ ಹಿಡಿಯುವ ಬೆಜೆಲ್ ಕಟ್ಟು ಇರಲಿ, ಹರಳು ಬೆರಳಿನ ಮೇಲೆ ಎತ್ತರಕ್ಕೆ ನಿಲ್ಲದಿರಲಿ. ಪಟ್ಟಿಗೆ ಮೆತು ಲೋಹ ಬೇಕು, ಶುದ್ಧ ಬೆಳ್ಳಿ ಅಥವಾ 22 ಕ್ಯಾರೆಟ್ ಚಿನ್ನ, ದಪ್ಪ 0.3ರಿಂದ 0.4 ಮಿ.ಮೀ. ಹರಳನ್ನು ಕೊಕ್ಕೆಯಂತೆ ಹಿಡಿಯುವ ಗಡಸು ಬಿಳಿ ಚಿನ್ನದ ಪ್ರಾಂಗ್‌ಗಳನ್ನು ಬಗ್ಗಿಸಲು ಹಾಕುವ ಒತ್ತಡಕ್ಕೇ ಅಂಚು ಸಿಡಿಯುತ್ತದೆ. ಪ್ರಾಂಗ್ ಬೇಕೇ ಬೇಕೆಂದರೆ ನಾಲ್ಕಕ್ಕಿಂತ ಆರು ಲೇಸು, ಒತ್ತಡ ಹಂಚಿಹೋಗುತ್ತದೆ. ಹರಳು ಕೂರುವ ಜಾಗ ಸಮತಟ್ಟಾಗಿರಬೇಕು. ಒಂದು ಕಡೆ ಎತ್ತರವಿದ್ದರೆ ಒತ್ತುವಾಗ ಹರಳು ಅಲ್ಲೇ ಸೀಳುತ್ತದೆ. ಬೆಸುಗೆ, ಆಸಿಡ್ ಸ್ನಾನ, ರೋಡಿಯಂ ಲೇಪನ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಹರಳು ಕೂರಿಸಬೇಕು. ಹೈಡ್ರೋಫೇನ್‌ನ ಕೆಳಗೆ ಅಂಟು ಹಾಕಿದರೆ ಅದು ಒಳಗಿಳಿದು ಮೇಲಿನಿಂದ ಕಾಣುವ ಕಲೆಯಾಗುತ್ತದೆ. ತಾಯಿಕಲ್ಲಿನ ಸಮೇತ ಕೊರೆದ ಮೆಕ್ಸಿಕೊದ ಓಪಲ್ ಆದರೂ ಇದೇ ಎಚ್ಚರ, ಆ ರಯೋಲೈಟ್ ರಂಧ್ರಮಯ.

ಶುಚಿ ಮಾಡಲು ಬಹಳ ಏನೂ ಬೇಡ. ತಪ್ಪಾಗುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ: ದೂಳು ಕೂತ ಒಣ ಹರಳನ್ನು ಅಂಗಿಯ ಅಂಚಿನಿಂದ ಉಜ್ಜುವುದು. ಆ ದೂಳಿನ ಮರಳುಕಣವೇ ಗೀರೆಳೆಯುತ್ತದೆ. ಮೊದಲು ಕೈಗೆ ಬಿಸಿಯೂ ತಂಪೂ ಅನ್ನಿಸದ ನೀರನ್ನು ಮೇಲೆ ಹರಿಸಿ ದೂಳು ತೊಳೆಯಿರಿ. ಸೌಮ್ಯ ಸೋಪಿನ ಒಂದೆರಡು ಹನಿ ಬೆರೆಸಿದ ನೀರಿನಲ್ಲಿ ಮಕ್ಕಳ ಮೆತ್ತನೆ ಟೂತ್‌ಬ್ರಷ್ ಅದ್ದಿ, ಕಟ್ಟಿನ ಸಂದಿಗಳಲ್ಲಿ ಆಡಿಸಿ, ಒಂದು ನಿಮಿಷದೊಳಗೆ ಮುಗಿಸಿ. ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಬಟ್ಟಲಲ್ಲಿ ನೆನೆಹಾಕುವುದು ಬೇಡ. ಹೈಡ್ರೋಫೇನ್‌ಗೆ ಸೋಪಿನ ನೀರೂ ಬೇಡ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಅದು ಅಕಸ್ಮಾತ್ ನೆನೆದು ಬಣ್ಣ ಬದಲಾದರೆ ಗಾಬರಿ ಬೀಳಬೇಡಿ, ಮೇಲೆ ಹೇಳಿದಂತೆ ನಿಧಾನವಾಗಿ ಒಣಗಿಸಿ. ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯಬಹುದು. ಬೆಳ್ಳಿಯ ಕಟ್ಟು ಕಪ್ಪಾದರೆ ಬೆಳ್ಳಿ ಒರೆಸುವ ಬಟ್ಟೆಯನ್ನು ಲೋಹಕ್ಕೆ ಮಾತ್ರ ತಾಗಿಸಿ. ಅದ್ದಿ ತೆಗೆಯುವ ದ್ರಾವಣ, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಬ್ಲೀಚ್ ಯಾವುದೂ ಸಲ್ಲದು. ಸೆಂಟು, ಹೇರ್ ಸ್ಪ್ರೇ ಹಾಕಿಕೊಂಡು ಆರಿದ ಮೇಲೆ ಆಭರಣ ತೊಡಿ. ಉಂಗುರ ಬಿಚ್ಚುವಾಗ ಹರಳು ಹಿಡಿದು ಎಳೆಯದೆ ಬಳೆಯ ಭಾಗ ಹಿಡಿದು ಎಳೆಯಿರಿ. ಇಡುವಾಗ ಬೇರೆಯದೇ ಬಟ್ಟೆಚೀಲದಲ್ಲಿಡಿ, ವಜ್ರ, ಮಾಣಿಕ್ಯ, ನೀಲದ ಜೊತೆ ಒಂದೇ ಡಬ್ಬಿಯಲ್ಲಿ ಬೇಡ.

ವರ್ಷಗಳ ನಂತರ ಹೊಳಪು ಮಾಸಿದರೆ ಮರಳಿ ಬರಿಸಬಹುದು. ಫೆಲ್ಟ್ ಚಕ್ರದ ಮೇಲೆ ಸೀರಿಯಂ ಆಕ್ಸೈಡ್ ಹಚ್ಚಿ, ಕಡಿಮೆ ವೇಗದಲ್ಲಿ, ಸದಾ ಒದ್ದೆಯಾಗಿಟ್ಟು ಹೊಳಪು ಕೊಡಬೇಕು. ಹರಳನ್ನು ಕಡ್ಡಿಗೆ ಅಂಟಿಸುವಾಗ ಕಾಸಿದ ಅರಗಿನ ಬದಲು ತಣ್ಣನೆಯ ಅಂಟು ಬಳಸುವವರ ಕೈಗೆ ಮಾತ್ರ ಕೊಡಿ, ಕರಗಿದ ಅರಗಿನ ಬಿಸಿಗೇ ಬಿರಿದ ಓಪಲ್‌ಗಳು ಕಡಿಮೆ ಇಲ್ಲ. ಹೈಡ್ರೋಫೇನ್ ಆದರೆ ಅಂಟು ಒಳಗಿಳಿಯುತ್ತದೆ ಎಂಬುದನ್ನೂ ಅವರಿಗೆ ಮೊದಲೇ ಹೇಳಿ.

ಕೊನೆಯದು, ಉಂಗುರದ ಅಳತೆ ಹೆಚ್ಚುಕಡಿಮೆ ಮಾಡಿಸಲೋ ಪ್ರಾಂಗ್ ಸರಿಪಡಿಸಲೋ ಕೊಟ್ಟಾಗ. ಕಿತ್ತಳೆ ಬಣ್ಣದ, ಮುಖ ಕೊರೆದ, ಬಣ್ಣದ ಆಟವಿಲ್ಲದ ಹರಳನ್ನು ಮೇಜಿನ ಆಚೆಯಿಂದ ನೋಡಿದವರು ಸಿಟ್ರಿನ್ ಅಥವಾ ಗೋಮೇಧಿಕ ಎಂದುಕೊಳ್ಳುವುದು ಸಹಜ. ಹಾಗೆಂದುಕೊಂಡು ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕುತ್ತಾರೆ, ಹಬೆಯಿಂದ ತೊಳೆಯುತ್ತಾರೆ, ಹರಳು ಇದ್ದಂತೆಯೇ ಬೆಸುಗೆಯ ಬೆಂಕಿ ಹಿಡಿಯುತ್ತಾರೆ. ಈ ಮೂರರಲ್ಲಿ ಯಾವುದಾದರೂ ಒಂದೇ ಸಾಕು ನಿಮ್ಮ ಓಪಲ್ ಒಡೆಯಲು. ಬಾಯಲ್ಲಿ ಹೇಳಿದ್ದು ಎದುರಿಗಿರುವವರಿಗೆ ಮಾತ್ರ, ಕೆಲಸ ಮಾಡುವವರು ಒಳಗಿರುತ್ತಾರೆ. ಆದ್ದರಿಂದ ಕೆಲಸದ ಚೀಟಿಯ ಮೇಲೆಯೇ ಬರೆಸಿ: ‘ಫೈರ್ ಓಪಲ್. ಬೆಸುಗೆಗೆ ಮುಂಚೆ ಹರಳು ತೆಗೆಯಬೇಕು. ಅಲ್ಟ್ರಾಸಾನಿಕ್, ಹಬೆ ಕೂಡದು.’